ಮೆಹ್ನಾಜಳ ಕೈಗೆ ಸ್ಕ್ರೂಡ್ರೈವರ್

ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದ ತರಗತಿಯಲ್ಲಿ ಮೆಹ್ನಾಜ್ ಒಬ್ಬಳೇ ಹುಡುಗಿ. ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ಸಹಪಾಠಿ ನವೀನ ನಿಂತುಬಿಡುತ್ತಿದ್ದ. "ನಿನ್ನ ಅಕ್ಷರ ಚೆಂದ ಮಾರಾಯ್ತಿ, ನೀನು ರೆಕಾರ್ಡ್ ಬರಿ" ಎಂದು ಪ್ರೀತಿಯಿಂದಲೇ ಅವಳನ್ನು ಮೂಲೆಯ ಸ್ಟೂಲಿಗೆ ಅಟ್ಟುತ್ತಿದ್ದ.

ಕಾಲೇಜಿನವರು ಅವಳಿಗೊಬ್ಬ ಮಾರ್ಗದರ್ಶಕಿಯನ್ನು ಗೊತ್ತುಮಾಡಿದ್ದರು: ಕೊನೆಯ ವರ್ಷದ ಭವ್ಯ, ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯವಳು. ತನ್ನ ತರಗತಿಗೆ ಅವಳೂ ಒಬ್ಬಳೇ. ರಜೆಯಲ್ಲಿ ಮೆಹ್ನಾಜ್ ಕೊಪ್ಪದಲ್ಲಿ ಅವಳನ್ನು ಕಂಡು, ಕಾಲೇಜು ಬಿಡುವ ಮಾತು ತೆಗೆದಳು.

"ನಿಮ್ಮನೆಗೇ ಬತ್ತೆ. ದಾರೀಲಿ ಮಾತಾಡುವ" ಎಂದು ಭವ್ಯ ನರಸಿಂಹರಾಜಪುರದ ಬಸ್ಸು ಹತ್ತಿದಳು. ಜೊತೆಗೆ ಮೆಹ್ನಾಜಳ ಸೋದರಮಾವ, ಬಟ್ಟೆ ಅಂಗಡಿಯ ಗುಲಾಮ್ ಹುಸೇನ್.

ಮಾತು ಶುರುವಾಗುವ ಮೊದಲೇ ಏರಿನಲ್ಲಿ ಬಸ್ಸು ಬುಸುಗುಟ್ಟಿ ನಿಂತಿತು. ಎದುರಿಗೆಲ್ಲ ಆವಿ.

ಗುಲಾಮ್ ಹುಸೇನ್ ಎದ್ದು ಘೋಷಿಸಿದರು: "ಯಾರೂ ಹೆದರಬೇಡಿ! ಬಸ್ಸಲ್ಲಿ ಇಬ್ಬರು ಮೆಕ್ಯಾನಿಕಲ್ ಎಂಜಿನಿಯರ್ ಇದಾರೆ!"

ಇಡೀ ಬಸ್ಸು ತಿರುಗಿ ನೋಡಿತು. ಮೆಹ್ನಾಜಳಿಗೆ ಸೀಟಿನಡಿ ತೂರಿಕೊಳ್ಳೋಣ ಅನ್ನಿಸಿತು. "ಅಕ್ಕಾ, ನಿಮಗೆ ಗೊತ್ತಲ್ವಾ?" ಎಂದು ಪಿಸುಗುಟ್ಟಿದಳು.

"ಬಸ್ಸಿನ ಎಂಜಿನ್ ಹತ್ರದಿಂದ ಕಂಡಿದ್ದೇ ಇಲ್ಲ ಮಾರಾಯ್ತಿ." ಭವ್ಯ ನಗುತ್ತ ಎದ್ದಳು. "ಬಾ, ನೋಡುವ."

ಗೊತ್ತಿಲ್ಲ ಎಂಬುದನ್ನು ಇಷ್ಟು ಆರಾಮಾಗಿ ಹೇಳಬಹುದೆಂದು ಮೆಹ್ನಾಜಳಿಗೆ ಅದುವರೆಗೆ ತಿಳಿದಿರಲಿಲ್ಲ.

ಡ್ರೈವರ್ ರಂಗಪ್ಪ ಎಂಜಿನ್ನಿನ ಮುಚ್ಚಳ ಎತ್ತಿದ. "ಎಂತ ಕಾಣ್ತದೆ?" ಎಂದು ಭವ್ಯ ಕೇಳಿದ್ದು ಅವನನ್ನಲ್ಲ, ಮೆಹ್ನಾಜಳನ್ನು.

ಅವಳು ಬಗ್ಗಿ ನೋಡಿದಳು. ರೇಡಿಯೇಟರಿನ ಪೈಪು ಸೇರುವಲ್ಲಿ ನೀರು ತೊಟ್ಟಿಕ್ಕುತ್ತಿತ್ತು. "ಕ್ಲಿಪ್ ಸಡಿಲ ಆಗಿದೆಯಾ?"

"ನಂಗೂ ಹಾಂಗೇ ಅನ್ಸಿತು," ಎಂದ ರಂಗಪ್ಪ.

ಎಂಜಿನ್ ತಣಿದ ಮೇಲೆ ಅವನು ತೆಗೆದ ಸ್ಕ್ರೂಡ್ರೈವರನ್ನು ಭವ್ಯ ಇಸಿದುಕೊಂಡು ಮೆಹ್ನಾಜಳ ಕೈಗಿತ್ತಳು. ಕೂಡಲೇ ಪ್ರಯಾಣಿಕರೆಲ್ಲ ಮೇಷ್ಟ್ರಾದರು. ಒಬ್ಬರು ಬಲಕ್ಕೆ ಅಂದರು, ಇನ್ನೊಬ್ಬರು ಎಡಕ್ಕೆ.

"ಬಾಯಿ ಮುಚ್ಚಿ ಅತ್ಲಾಗೆ! ಅದಕ್ಕೆ ಕೈ ಇದೆ, ಮಾಡ್ತದೆ," ಎಂದು ಬುಟ್ಟಿ ಹಿಡಿದ ಸುಬ್ಬಿ ಗದರಿದಳು.

ಕ್ಲಿಪ್ ಬಿಗಿಯಾಯಿತು. ನೀರು ತುಂಬಿಸಿದರು. ಬಸ್ಸು ಗುಡುಗಿ ಎದ್ದಿತು. ರಿಪೇರಿ ತಾವೇ ಮಾಡಿದಂತೆ ಗುಲಾಮ್ ಹುಸೇನ್ ಎಲ್ಲರಿಗೂ ಕೈಮುಗಿದರು. ಕಾಲೇಜು ಬಿಡುವ ಮಾತು ಊರು ಬಂದರೂ ಬರಲಿಲ್ಲ.

ರಜೆ ಮುಗಿದ ದಿನ ನವೀನ ಬರುವ ಮೊದಲೇ ಮೆಹ್ನಾಜ್ ಲೇತ್ ಮುಂದೆ ನಿಂತಿದ್ದಳು. "ರೆಕಾರ್ಡ್ ನೀನು ಬರಿ."

"ನನ್ನ ಅಕ್ಷರ ನಂಗೇ ಓದಕ್ಕಾಗಲ್ಲ ಮಾರಾಯ್ತಿ!"

"ಕಲ್ತುಕೋ."

ಅಂದು ಅವಳು ಕಡೆದ ಸರಳು ಅಳತೆಗಿಂತ ತೆಳುವಾಗಿ, ಗುಜರಿ ಡಬ್ಬಿ ಸೇರಿತು. ಸಂಜೆ ಮುಖ ಊದಿಸಿಕೊಂಡು ಬಂದವಳನ್ನು ಕಂಡು ಭವ್ಯ, "ಒಂದೇ ಅಲ್ವಾ ಹಾಳಾಗಿದ್ದು? ನಾನು ಟೂಲನ್ನೇ ಮುರಿದಿದ್ದೆ," ಎಂದಳು.

ಮೆಹ್ನಾಜ್ ಮರುದಿನ ಇನ್ನೊಂದು ಸರಳು ಕೇಳಿ ತಂದಳು. ಅದು ಅಳತೆಗೆ ಸರಿಯಾಗಿ ಬಂತು. ಒಂದು ತುದಿಯಲ್ಲಿ ಮಾತ್ರ.