ಮೊದಲ ನೆರೆಯವ

ವೆಸ್ಟರ್‌ಮೊಂಡ್‌ನಲ್ಲಿ ಮೊದಲು ಬಂದದ್ದು ಕಾಲುವೆ, ಆಮೇಲೆ ಊರು. ಜೌಗುನೆಲದ ಉರಿಮಣ್ಣನ್ನು ಕಡಿದು, ದೋಣಿಗೆ ತುಂಬಿ, ಪಟ್ಟಣದವರ ಒಲೆಗೆ ಕಳಿಸುತ್ತಿದ್ದ ಜನ ನೀರಿನ ಎರಡೂ ದಡಕ್ಕೆ ಗೆರೆ ಎಳೆದಂತೆ ಮನೆ ಕಟ್ಟಿಕೊಂಡರು. ಹೀಗಾಗಿ ಊರಿಗೆ ಉದ್ದವಿದೆ, ಅಗಲವೆಂಬುದೇ ಇಲ್ಲ. ಒಂದು ತುದಿಯಲ್ಲಿ ಹುಟ್ಟಿದ ಚಾಡಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಬೆಳೆದು ಮದುವೆ ವಯಸ್ಸಿಗೆ ಬಂದಿರುತ್ತದೆ.

ಉರಿಮಣ್ಣು ಮುಗಿದ ಮೇಲೆ ಆಲೂಗಡ್ಡೆಯ ದೋಣಿಗಳು ಬಂದವು. ಈಗ ಅವೂ ಅಪರೂಪ. ಆದರೂ ಬಂದ ದೋಣಿಗೆಲ್ಲ ಸೇತುವೆ ಎತ್ತಿಕೊಡುವವಳು ರೂಲ್‌ಫೀನ್. ಗಂಡ ಸತ್ತ ಮೇಲೆ ಆ ಕೆಲಸ ಅವಳದಾಯಿತು. ಸೇತುವೆ ಪಕ್ಕದ ಮನೆ ಕೆಲಸಕ್ಕೆ ಅಂಟಿಕೊಂಡು ಬಂದದ್ದು. ಕಾಲುವೆ ಮುಚ್ಚಿದರೆ ಮನೆಯನ್ನೂ ಬಿಡಬೇಕು.

ಕಾಲುವೆಗೆ ಮರಳು ಸುರಿದು ರಸ್ತೆ ಮಾಡುವ ಮಾತು ಎದ್ದಾಗ ಊರವರ ಸಭೆ ಕರೆದರು. ಅದೇ ಸಂಜೆ ದೋಣಿಯೊಂದು ಬರುವುದಿತ್ತು, ರೂಲ್‌ಫೀನ್ ಸೇತುವೆ ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೇನೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆ ಊರಿನಲ್ಲಿ ಪ್ರತಿ ಮನೆಗೂ ಒಬ್ಬ ಮೊದಲ ನೆರೆಯವನಿರುತ್ತಾನೆ; ಮನೆಯವರು ಬಾರದಿದ್ದರೆ ಸಭೆಯಲ್ಲಿ ಅವರ ಪರವಾಗಿ ಮಾತಾಡುವವನು ಅವನೇ, ಅವರು ಎಲ್ಲಿ ಸತ್ತರೂ ಶವಪೆಟ್ಟಿಗೆಗೆ ಮೊದಲು ಹೆಗಲು ಕೊಡುವವನೂ ಅವನೇ. ಅವಳಿಗೆ ಬೇರೆಂಡ್ ಇದ್ದ, ಆಲೂಗಡ್ಡೆ ವ್ಯಾಪಾರಿ. ನಮ್ಮ ಮನೆಯದು ಬೇಡ ಎಂದೇ ಹೇಳು ಎಂದು ಕಾಫಿ ಕೊಟ್ಟು ಕಳಿಸಿದಳು. ಅವನು ತಲೆಯಾಡಿಸಿ ಹೋದ.

ಮರುದಿನ ಬೆಳಿಗ್ಗೆ, ಆಚೆ ಮಗ್ಗುಲಿನ ಹಿಂಡ್ರಿಕ್ ಬೇಲಿಯಾಚೆಯಿಂದಲೇ ಕೇಳಿದ.

"ಅಲ್ಲಕ್ಕಾ, ನೀನೇ ಮುಚ್ಚಲಿ ಅಂದ್ಬಿಟ್ಯಂತೆ, ಸಭೇಲಿ ಬೇರೆಂಡ್ ಹೇಳ್ದ. ಸೇತುವೆಯವಳೇ ಒಪ್ಪಿದ್ಮೇಲೆ ನಮ್ಮದೇನು ಅಂತ ಎಲ್ಲರೂ ಕೈ ಎತ್ತಿದ್ವಿ."

ನೆರೆಯವನ ಬಾಯಿಂದ ಬಂದದ್ದು ಮನೆಯದೇ ಮಾತು. ಅದನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಬೇರೆಂಡ್ ನಂಬಿಸಿ ರೂಲ್‌ಫೀನಳ ಕತ್ತು ಕೊಯ್ದಿದ್ದ, ಅದೂ ಅವಳದೇ ಕಾಫಿ ಕುಡಿದು.

ಬೇರೆಂಡ್ ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಬಂದ. ಲಾರಿ ಕೊಳ್ಳುವವನಿದ್ದ, ಲಾರಿಗೆ ಅಗಲವಾದ ರಸ್ತೆ ಬೇಕಿತ್ತು. ಮುಚ್ಚುಮರೆಯಿಲ್ಲದೆ ಅದನ್ನೂ ಹೇಳಿದ. ಇವತ್ತಲ್ಲ ನಾಳೆ ಕಾಲುವೆ ಹೋಗುವುದೇ, ಅವಳಿಗೆ ಪಟ್ಟಣದಲ್ಲಿ ಮನೆ ಸಿಗುತ್ತದೆ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಎಂದೂ ಸಮಾಧಾನ ಮಾಡಿದ.

"ನಿನ್ನ ಮನೆ ಹೆಸರಲ್ಲಿ ಮುಚ್ಚಿ ಅಂದಿದ್ರೆ ಜಗಳ ಆಡ್ತಿದ್ದೆ, ಮರೀತಿದ್ದೆ," ಎಂದಳು ರೂಲ್‌ಫೀನ್. "ನನ್ನ ಬಾಯಿಂದ ಯಾಕೋ ಹೇಳಿಸ್ದೆ?"

"ನಿನ್ನ ಮಾತಾದ್ರೆ ಎಲ್ಲರೂ ಕೇಳ್ತಾರೆ ಅಕ್ಕಾ," ಎಂದ ಅವನು. ಅಷ್ಟಾದರೂ ನಿಜ ಹೇಳಿದ, ಪುಣ್ಯಾತ್ಮ.

ಮರಳಿನ ಲಾರಿಗಳು ಬಂದ ದಿನ ಊರೆಲ್ಲ ದಡದಲ್ಲಿ ಸೇರಿತ್ತು. ರೂಲ್‌ಫೀನ್ ಚರ್ಚಿಗೆ ಹೋಗುವಾಗಿನ ಕಪ್ಪು ಕೋಟು ತೊಟ್ಟು, ಎಲ್ಲರ ಕಣ್ಣೆದುರೇ ಹಿಂಡ್ರಿಕ್‌ನ ಬಾಗಿಲಿಗೆ ಹೋದಳು. ಇನ್ನು ಮೇಲೆ ನೀನೇ ನನ್ನ ಮೊದಲ ನೆರೆಯವ, ಆಗುತ್ತೀಯಾ ಎಂದು ಕೇಳಿದಳು. ಮೊದಲ ನೆರೆಯವನನ್ನು ಬದಲಿಸಿದ್ದನ್ನು ಆ ಊರು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಬೇರೆಂಡ್ ಜನರನ್ನು ಸರಿಸಿಕೊಂಡು ಓಡಿಬಂದ.

"ಅಕ್ಕಾ, ಊರೆದುರಿಗೆ ಹೀಗೆ ಮಾಡ್ಬೇಡ. ನಿನ್ನ ಸಾಮಾನೆಲ್ಲ ನಾನೇ ಸಾಗಿಸಿಕೊಡ್ತೀನಿ."

"ಸಾಮಾನು ಯಾರಾದ್ರೂ ಸಾಗಿಸ್ತಾರೆ. ನಾನು ಸತ್ತಾಗ ನನ್ನ ಪೆಟ್ಟಿಗೆಗೆ ಹೆಗಲು ಕೊಡೋಕೆ ನೀನು ಬರಬೇಡ."

ಅವಳ ಗಂಡನ ಶವಪೆಟ್ಟಿಗೆಗೆ ಮುಂದೆ ನಿಂತು ಹೆಗಲು ಕೊಟ್ಟವನು ಇದೇ ಬೇರೆಂಡ್. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಿಂಡ್ರಿಕ್ ಪಕ್ಕಕ್ಕೆ ಸರಿದು, ಒಳಗೆ ಬಾ ಅಕ್ಕ, ಎಂದ. ಬೇರೆಂಡ್‌ನನ್ನು ಕರೆಯಲಿಲ್ಲ.