ಹೆಲ್ಮೆಟ್ಟಿನ ಕೈಕೆಳಗೆ

ಬಲಗಿವಿಯನ್ನು ಪೈಪಿಗೆ ಒತ್ತಿ, ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅವಳು ಬಗ್ಗಿ ನಿಂತಿದ್ದಳು. ಒಳಗೆ ಎಣ್ಣೆ ಹರಿಯುವ ಸದ್ದು, ಪಕ್ಕದ ಮನೆಯಲ್ಲಿ ಯಾರೋ ಒಂದೇ ಸಮನೆ ಗೊಣಗುತ್ತಿರುವ ಹಾಗಿತ್ತು. ಅವಳು ಕಾಯುತ್ತಿದ್ದುದು ಅದಕ್ಕಲ್ಲ. ಅದರ ಹಿಂದೆ ಕರಕರ ಎಂದು ಕೆರೆಯುತ್ತ ಬರಬೇಕಾಗಿದ್ದ ಇನ್ನೊಂದು ಸದ್ದಿಗೆ.

"ಬಂತಾ ಮೇಡಂ?" ವಾಲ್ವ್ ಮಾವ ಕೇಳಿದ. ವಾಲ್ವುಗಳನ್ನು ತಿರುಗಿಸುತ್ತಲೇ ತಲೆ ನರೆಸಿಕೊಂಡ ಅವನನ್ನು ಸ್ಟೇಷನ್ನಿನವರೆಲ್ಲ ಹಾಗೇ ಕರೆಯುತ್ತಿದ್ದರು.

"ಶ್! ಇನ್ನೂ ದೂರ ಇದೆ. ಆದ್ರೆ ಬರ್ತಾ ಇದೆ."

ಪೈಪಿನ ಒಳಗೋಡೆಗೆ ಮೆತ್ತಿದ ಜಿಡ್ಡನ್ನು ಕೆರೆದು ತೆಗೆಯಲು, ಸುತ್ತಲೂ ಬ್ರಷ್ಷುಗಳಿರುವ ಡೊಳ್ಳುಹೊಟ್ಟೆಯ ಉರುಳೆಯೊಂದನ್ನು ಒಳಗೆ ಬಿಡುತ್ತಾರೆ. ಅದಕ್ಕೆ ಪಿಗ್ ಎಂದು ಹೆಸರು. ಅವಳು ಫೋನ್ ಮಾಡಿ ಹೇಳಿದ ಹೊತ್ತಿಗೆ ಆಚೆ ಸ್ಟೇಷನ್ನಿನವರು ಅದನ್ನು ಬಿಡುತ್ತಿದ್ದರು. ಎಣ್ಣೆಯೇ ಅದನ್ನು ದೂಡಿಕೊಂಡು ಬಂದು ಇಲ್ಲಿ, ಕಂಟ್ರೋಲ್ ರೂಮಿನ ಗೋಡೆಗೆ ತಾಗಿದಂತಿರುವ ಕೊನೆಯ ಪೆಟ್ಟಿಗೆಯೊಳಗೆ ಕೆಡವುತ್ತಿತ್ತು. ಅದು ಎಲ್ಲಿದೆ ಎಂದು ತೋರಿಸುವ ಯಂತ್ರವೂ ಇತ್ತು. ಯಂತ್ರ ಏನು ತೋರಿಸಿದರೂ ಎಲ್ಲರೂ ಒಮ್ಮೆ ಅವಳ ಮುಖ ನೋಡುತ್ತಿದ್ದರು.

"ಅತ್ತಿಗೆ! ಪರೀಕ್ಷೆಗೆ ಹೊತ್ತಾಯ್ತು!" ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, ಕೊರಳ ಪಟ್ಟಿಯನ್ನು ಸರಿಮಾಡಿಕೊಂಡು, "ಮೇಡಂ, ದಯವಿಟ್ಟು ಒಳಗೆ ಬನ್ನಿ" ಎಂದಳು.

ಗಂಡನ ತಂಗಿ ಇದೇ ಕಂಪನಿಗೆ ವೃತ್ತಿ ಅಭಿವೃದ್ಧಿ ಅಧಿಕಾರಿಯಾಗಿ ಬಂದ ಮೇಲೆ ಮನೆಯಲ್ಲಿ ಒಬ್ಬಳು, ಆಫೀಸಿನಲ್ಲಿ ಇನ್ನೊಬ್ಬಳಾಗಿದ್ದಳು. ಬೆಳಿಗ್ಗೆ ಅತ್ತಿಗೆಯ ಬಾಚಣಿಗೆಯಲ್ಲೇ ತಲೆ ಬಾಚಿಕೊಂಡು ಬಂದವಳು ಗೇಟಿನೊಳಗೆ ಕಾಲಿಟ್ಟ ಕೂಡಲೇ ಪರಿಚಯವೇ ಇಲ್ಲದವಳಂತೆ ನಮಸ್ಕಾರ ಹೇಳುತ್ತಿದ್ದಳು. ಅವಳ ಕೈಯಲ್ಲಿ ಕಂಪನಿಯ ಸಾಮರ್ಥ್ಯ ಮಾನದಂಡವಿತ್ತು. ಅದರ ಪ್ರಕಾರ ಪೈಪ್‌ಲೈನ್ ಎಂಜಿನಿಯರುಗಳಲ್ಲಿ ಅರಿವು, ಅಭ್ಯಾಸ, ಪರಿಣತಿ, ಪ್ರಾವೀಣ್ಯ ಎಂದು ನಾಲ್ಕು ಹಂತ. ಪ್ರವೀಣರಿಗೆ ಮಾತ್ರ ವಿಭಾಗದ ಮುಖ್ಯಸ್ಥರ ಕುರ್ಚಿ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಲೈನ್ ನಿಲ್ಲಿಸುವ ಅಧಿಕಾರ.

ಅತ್ತಿಗೆಗೆ ಬೇಕಾಗಿದ್ದುದು ಆ ಅಧಿಕಾರ. ಹಿಂದೊಮ್ಮೆ ಪೈಪಿನಲ್ಲಿ ಕೆಟ್ಟ ಸಿಳ್ಳೊಂದನ್ನು ಕೇಳಿ ಅವಳು ಓಡಿಬಂದಾಗ, ಆಗ ಆ ಕುರ್ಚಿಯಲ್ಲಿದ್ದ ದೊಡ್ಡ ಸಾಹೇಬರು ಯಾಕೆ ಎಂದೂ ಕೇಳದೆ ಲೈನ್ ನಿಲ್ಲಿಸಿದ್ದರು. ಅಗೆದು ನೋಡಿದರೆ ಪೈಪು ಹಪ್ಪಳದ ಹಾಗೆ ತೆಳ್ಳಗಾಗಿತ್ತು. ಸಾಹೇಬರು ತೀರಿಕೊಂಡ ಮೇಲೆ ಕುರ್ಚಿ ಖಾಲಿ ಬಿತ್ತು. ಅಂದಿನಿಂದ ಲೈನ್ ನಿಲ್ಲಿಸಬೇಕೆಂದರೆ ಮುಖ್ಯ ಕಚೇರಿಗೆ ಫೋನ್. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ದಾಟಿಸಿ, ನಡುನಡುವೆ ಕಾಯಿರಿ ಎಂದು ಪಿಟೀಲು ಕೇಳಿಸುತ್ತಿದ್ದರು. ಜೀವ ಕೈಯಲ್ಲಿ ಹಿಡಿದುಕೊಂಡು ಆ ಪಿಟೀಲು ಕೇಳಿದ್ದು ಅವಳ ಕನಸಿನಲ್ಲೂ ಬರುತ್ತಿತ್ತು.

ತೊಡಕು ಇದ್ದದ್ದು ಒಂದೇ. ಪ್ರವೀಣರನ್ನು ಪರೀಕ್ಷಿಸಲು ಇನ್ನೊಬ್ಬ ಪ್ರವೀಣರೇ ಬೇಕು. ಇಡೀ ಕಂಪನಿಯಲ್ಲಿ ಆ ಹಂತದಲ್ಲಿದ್ದವರು ದೊಡ್ಡ ಸಾಹೇಬರು ಒಬ್ಬರೇ.

"ಅವರು ತೀರಿಕೊಂಡು ಎಷ್ಟು ಕಾಲ ಆಯ್ತೇ!" ಎಂದು ಅವಳು ಮನೆಯಲ್ಲೇ ಹೇಳಿ ನೋಡಿದ್ದಳು.

"ಅವರ ಆಯಸ್ಸು ಮುಗೀತು ಅತ್ತಿಗೆ. ಪ್ರಮಾಣಪತ್ರದ್ದು ಇನ್ನೂ ಮುಗಿದಿಲ್ಲ."

ಹಾಗಾಗಿ ಈಗ ಕಂಟ್ರೋಲ್ ರೂಮಿನ ದೊಡ್ಡ ಕುರ್ಚಿಯ ಮೇಲೆ ಸಾಹೇಬರ ಹಳದಿ ಹೆಲ್ಮೆಟ್ಟು ಕೂತಿತ್ತು. ಅಂಚಿನಲ್ಲಿ ಬಣ್ಣ ಎದ್ದುಹೋಗಿತ್ತು. ಪಟ್ಟಿಗೆ ಅವರ ಬೆವರಿನ ಕಲೆ. ಅದರ ಮುಂದೆ ಯಾರೋ ಒಂದು ಲೋಟ ನೀರನ್ನೂ ಇಟ್ಟಿದ್ದರು.

"ಪರೀಕ್ಷೆ ಮುಗಿಯೋವರೆಗೂ ಪರೀಕ್ಷಕರಿಂದ ಆಕ್ಷೇಪಣೆ ಬರದಿದ್ರೆ ನೀವು ಪಾಸ್" ಎಂದಳು ನಾದಿನಿ.

"ಇಷ್ಟು ಸಾಧು ಪರೀಕ್ಷಕರು ನನಗೆ ಒಬ್ಬರೂ ಸಿಗಲಿಲ್ಲ ನೋಡಿ," ಎಂದು ವಾಲ್ವ್ ಮಾವ ಬಾಗಿಲಿಗೆ ಒರಗಿದ.

"ಮೌನ ಕಾಪಾಡಿ. ಮೇಡಂ, ಮೊದಲ ಪ್ರಶ್ನೆ. ಪೈಪು ಅಂದ್ರೇನು?"

ಅವಳು ಹೆಲ್ಮೆಟ್ಟಿನ ಕಡೆ ನೋಡಿದಳು. ಇಪ್ಪತ್ತು ವರ್ಷ ಕಿವಿಯೊತ್ತಿ ಕೇಳಿದ್ದನ್ನು ಏನೆಂದು ಹೇಳುವುದು? "ಒಳಗಿರೋದನ್ನ ಒಳಗೇ ಇಟ್ಕೊಂಡು, ತಲುಪಬೇಕಾದ ಕಡೆ ತಲುಪಿಸೋದು" ಎಂದಳು. ಹೇಳಿದ ಮೇಲೆ, ತಾನು ಹೇಳಿದ್ದು ಪೈಪಿನ ವಿಷಯವೋ ಇನ್ಯಾರದೋ ಎಂದು ಒಂದು ಕ್ಷಣ ತಡವರಿಸಿದಳು.

ಹೆಲ್ಮೆಟ್ಟು ಸುಮ್ಮನಿತ್ತು.

"ಮುಂದಿನ ಐದು ವರ್ಷದಲ್ಲಿ ನಿಮ್ಮ ಗುರಿ?"

"ಸೋರದೇ ಇರೋದು."

"ನಿಮ್ಮದಾ, ಪೈಪಿಂದಾ?"

"ಇಬ್ಬರದ್ದೂ."

ವಾಲ್ವ್ ಮಾವ ಕಿಸಕ್ಕನೆ ನಕ್ಕ. ನಾದಿನಿ ಅವನನ್ನು ದುರುಗುಟ್ಟಿ ನೋಡಿ, "ಕೊನೇ ಪ್ರಶ್ನೆ," ಎಂದಳು. "ನೀವು ಪ್ರವೀಣರು ಅನ್ನೋದಕ್ಕೆ ಈಗಲೇ, ಇಲ್ಲೇ ಒಂದು ಸಾಕ್ಷಿ ಕೊಡಿ."

ಅವಳು ತಲೆಯನ್ನು ತುಸು ವಾಲಿಸಿದಳು. ನೆಲದಡಿಯಿಂದ ಕರಕರ ಸದ್ದು ಅಂಗಾಲಿಗೇ ತಿಳಿಯುತ್ತಿತ್ತು. "ಪಿಗ್ ಬಂತು," ಎಂದಳು. "ಇದೋ, ಈಗ."

ಧಡಾರ್!

ಗೋಡೆ ಅದುರಿತು. ಲೋಟದ ನೀರು ತುಳುಕಿತು. ಅವಳು ಹೇಳಿದ ಗಳಿಗೆಗೆ ಪಿಗ್ ಪೆಟ್ಟಿಗೆಯೊಳಗೆ ಬಂದು ಬಿದ್ದಿತ್ತು. ವಾಲ್ವ್ ಮಾವ ಚಪ್ಪಾಳೆ ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ಹೆಲ್ಮೆಟ್ಟು ಕುರ್ಚಿಯಿಂದ ಮೆಲ್ಲಗೆ ಜಾರಿ, ಟಪ್ಪೆಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಗೋಡೆಗೆ ಮುಖಮಾಡಿ ನಿಂತಿತು.

ವಾಲ್ವ್ ಮಾವ ಎತ್ತಿದ ಕೈಗಳನ್ನು ಇಳಿಸಿದ.

"ಆಕ್ಷೇಪಣೆ ಬಂತು," ಎಂದಳು ನಾದಿನಿ.

"ಅಯ್ಯೋ, ಪಿಗ್ ಬಡಿದಿದ್ದಕ್ಕೆ ಬಿತ್ತು ಕಣೇ!"

"ಪರೀಕ್ಷಕರ ಕಾರಣ ಕೇಳೋ ಹಾಗಿಲ್ಲ ಅತ್ತಿ... ಮೇಡಂ. ಮುಖ ಬೇರೆ ಆಚೆ ತಿರುಗಿಸಿಕೊಂಡಿದ್ದಾರೆ."

ಹೀಗೆ ಅವಳು 'ಅರಿವು' ಹಂತಕ್ಕೆ, ನಿನ್ನೆ ಮೊನ್ನೆ ಸೇರಿದವರ ಸಾಲಿಗೆ ಬಂದಳು. ಕುರ್ಚಿಯನ್ನು ಇನ್ನು ಖಾಲಿ ಬಿಡಕೂಡದೆಂದು ಮುಖ್ಯ ಕಚೇರಿ ತಾಕೀತು ಮಾಡಿತು. ಅರ್ಹತೆಯಿದ್ದವರು ಒಬ್ಬರೇ ಆದ್ದರಿಂದ ಹೆಲ್ಮೆಟ್ಟು ವಿಭಾಗದ ಮುಖ್ಯಸ್ಥನಾಯಿತು.

ಆ ಸಂಜೆ ಮನೆಯಲ್ಲಿ ಅವಳು ನಡೆದದ್ದನ್ನು ಹೇಳಿದಳು. ಗಂಡ, "ಹೋಗ್ಲಿ ಬಿಡು, ಹೆಲ್ಮೆಟ್ ತಾನೆ" ಎಂದ. ಅದೇ ಅವಳನ್ನು ಚುಚ್ಚಿತು. ಮನುಷ್ಯರ ಎದುರು ಸೋತಿದ್ದರೆ ಜಗಳವಾದರೂ ಆಡಬಹುದಿತ್ತು. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಡಿ ಅತ್ತಳು. ಅಳುತ್ತಿರುವಾಗಲೂ ಕಿವಿ, ಈ ನಲ್ಲಿಯ ವಾಷರ್ ಸವೆದಿದೆ ಎಂದು ಗುರುತು ಹಾಕಿಕೊಂಡಿತು.

ಮರುದಿನದಿಂದ ಬೆಳಿಗ್ಗೆ ಹೆಲ್ಮೆಟ್ಟಿನ ಮುಂದೆ ನಿಂತು ವರದಿ ಹೇಳುವುದು ಅವಳ ಕೆಲಸ. ಮೊದಮೊದಲು ಹಲ್ಲು ಕಚ್ಚಿಕೊಂಡು ಗಿಳಿಪಾಠದಂತೆ ಒಪ್ಪಿಸಿ ಬರುತ್ತಿದ್ದಳು.

ಒಂದು ಮಧ್ಯಾಹ್ನ, ಪಂಪಿನ ಬಳಿಯ ತಿರುವಿನಲ್ಲಿ ಆ ಹಳೆಯ ಸಿಳ್ಳು ಮತ್ತೆ ಕೇಳಿಸಿತು. ಅಭ್ಯಾಸಬಲದಿಂದ ಫೋನಿನತ್ತ ಓಡಿದವಳು ಅರ್ಧದಲ್ಲೇ ನಿಂತಳು. ಈಗ ಕೇಳಬೇಕಾದ್ದು ಮುಖ್ಯ ಕಚೇರಿಯನ್ನಲ್ಲ. ನಾದಿನಿಯ ಕೈಹಿಡಿದು ಎಳೆದುಕೊಂಡು ದೊಡ್ಡ ಕುರ್ಚಿಯ ಮುಂದೆ ನಿಂತಳು.

"ಸರ್, ಲೈನ್ ನಿಲ್ಲಿಸ್ತಾ ಇದೀನಿ. ಬೇಡ ಅಂದ್ರೆ ಹೇಳಿ."

ಹೆಲ್ಮೆಟ್ಟು ಹೇಳಲಿಲ್ಲ.

"ಆಕ್ಷೇಪಣೆ ಇಲ್ಲ," ಎಂದಳು ನಾದಿನಿ.

"ಮಾವಾ! ತಿರುಗಿಸು!"

ಲೈನ್ ನಿಂತಿತು. ಪೈಪಿನ ಜೋಡಣೆಯ ನಡುವೆ ಸೋರದಂತೆ ಕೂರಿಸಿದ್ದ ಗ್ಯಾಸ್ಕೆಟ್ಟು ಕಿತ್ತುಹೋಗುವುದಕ್ಕೆ ಕೂದಲೆಳೆಯಷ್ಟೇ ಬಾಕಿಯಿತ್ತು. ಸಂಜೆಯೊಳಗೆ ಬದಲಾಯಿಸಿ ಲೈನ್ ಮತ್ತೆ ಶುರುಮಾಡಿದರು. ಒಂದು ಹನಿ ನೆಲಕ್ಕೆ ಬೀಳಲಿಲ್ಲ, ಪಿಟೀಲೂ ಕೇಳಿಸಲಿಲ್ಲ.

ಅಂದಿನಿಂದ ಅವಳಿಗೆ ಧೈರ್ಯ ಬಂತು. ಹಳೇ ಪಂಪಿನ ಸೀಲುಗಳನ್ನು ಬದಲಿಸಬೇಕು ಸರ್. ಆಕ್ಷೇಪಣೆ ಇಲ್ಲ. ಮೆಟ್ಟಿಲಿಗೆ ಹಿಡಿಕಂಬಿ ಬೇಕು ಸರ್. ಆಕ್ಷೇಪಣೆ ಇಲ್ಲ. ಕೆಲಸಕ್ಕೆ ಸೇರಿದ ವಾರದಿಂದ ಅವಳು ಕೇಳುತ್ತ ಬಂದಿದ್ದ, ಸಾಹೇಬರು ಬದುಕಿದ್ದಾಗಲೂ 'ನೋಡೋಣಮ್ಮ' ಎಂದೇ ಮುಂದೂಡಿದ್ದ ಹೆಂಗಸರ ಶೌಚಾಲಯ ಕೂಡ ಎದ್ದುನಿಂತಿತು. ಅಷ್ಟು ವರ್ಷ ಗೇಟಿನಾಚೆಯ ಪೆಟ್ರೋಲ್ ಬಂಕಿನವರೆಗೆ ನಡೆದುಹೋಗುತ್ತಿದ್ದವಳು ಹೊಸ ಬಾಗಿಲಿನ ಚಿಲಕವನ್ನು ಮೊದಲ ಸಲ ಒಳಗಿನಿಂದ ಹಾಕಿಕೊಂಡು, ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದಳು.

ಈಗ ಅವಳು ದಿನಾ ಹೆಲ್ಮೆಟ್ಟಿನ ಧೂಳು ಒರೆಸುತ್ತಿದ್ದಳು. "ಮೇಡಂಗೆ ಸಾಹೇಬರ ಮೇಲೆ ಭಕ್ತಿ ಜಾಸ್ತಿ ಆಯ್ತು," ಎಂದು ವಾಲ್ವ್ ಮಾವ ಕಾಲೆಳೆದರೆ, "ಇಂಥಾ ಮೇಲಧಿಕಾರಿ ಸಿಗೋಕೆ ಪುಣ್ಯ ಮಾಡಿರ್ಬೇಕು" ಎನ್ನುತ್ತಿದ್ದಳು.

ಒಂದು ಸಂಜೆ ಅವಳು ಮಂಚದ ಮೇಲೆ ಒಣಗಿದ ಬಟ್ಟೆ ಹರವಿಕೊಂಡು ಮಡಿಸುತ್ತಿದ್ದಾಗ ನಾದಿನಿ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಅತ್ತಿಗೆ, ಸಿಹಿ ಸುದ್ದಿ! ಎಷ್ಟು ಜನರ ಕಾಲು ಹಿಡಿದೆ ಗೊತ್ತಾ? ನಿಮಗೆ ಮರುಪರೀಕ್ಷೆ ಕೊಟ್ಟಿದ್ದಾರೆ. ಬರೋ ಸೋಮವಾರ!"

"ಹೌದಾ." ಅವಳು ದಿಂಬಿನ ಚೀಲವನ್ನು ಕೊಡವಿದಳು. "ಪಾಸಾದ್ರೆ?"

"ಕುರ್ಚಿ ನಿಮ್ಮದು! ಹೆಲ್ಮೆಟ್ ಸ್ಟೋರಿಗೆ. ನಿಮ್ಮ ಮೇಲೆ ಒಬ್ಬರು ಹೊಸ ನಿರ್ದೇಶಕರನ್ನ ಹಾಕ್ತಾರೆ, ಪ್ರತಿಯೊಂದೂ ಅವರನ್ನ ಕೇಳ್ಕೊಂಡು ಮಾಡಿದ್ರಾಯ್ತು."

"ಲೈನ್ ನಿಲ್ಲಿಸೋದೂ?"

"ಅದೂ. ಒಳ್ಳೆಯವರಂತೆ. ತುಂಬಾ ಮಾತಾಡ್ತಾರಂತೆ." ನಾದಿನಿ ದನಿ ತಗ್ಗಿಸಿದಳು. "ಅವತ್ತು ನಿಮ್ಮನ್ನ ಫೇಲ್ ಮಾಡಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ ಅತ್ತಿಗೆ. ಈ ಸಲ ಜಾರಬಾರದು ಅಂತ ಕುರ್ಚಿ ಮೇಲೆ ರಬ್ಬರ್ ಹಾಸು ಅಂಟಿಸಿದೀನಿ. ಯಾರಿಗೂ ಹೇಳ್ಬೇಡಿ."

ಅವಳಿಗೆ ಹುಡುಗಿಯ ಮೇಲೆ ಮುದ್ದು ಉಕ್ಕಿಬಂತು. ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, "ನನಗೋಸ್ಕರ ಎಷ್ಟೆಲ್ಲ ಮಾಡ್ತೀಯೇ" ಎಂದಳು. "ಪರೀಕ್ಷೆ ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

ನಾದಿನಿ ಹಾಡು ಗುನುಗುತ್ತ ಒಳಗೆ ಹೋದಳು. ಅವಳು ಕೈಯಲ್ಲಿದ್ದ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಿಸಿ ಹಾಗೇ ಕೂತಳು. ರಬ್ಬರ್ ಹಾಸಿದರೆ ಸಾಮಾನ್ಯ ಪಿಗ್ಗಿನ ಬಡಿತ ಸಾಲದು. ಉಕ್ಕಿನ ಬ್ರಷ್ಷಿನ ದಪ್ಪನೆಯದು ಒಂದಿದೆ, ಹೇಗೂ ಅದರ ಸರದಿ ಬಂದಿದೆ. ಭಾನುವಾರ ಸಂಜೆ ಆಚೆ ಸ್ಟೇಷನ್ನಿನವರು ಅದನ್ನು ಬಿಟ್ಟರೆ, ರಾತ್ರಿಯಿಡೀ ಕೆರೆದುಕೊಂಡು ಬಂದು, ಸೋಮವಾರ ಹನ್ನೊಂದು ದಾಟಿ, ಸರಿಯಾಗಿ ಕೊನೆಯ ಪ್ರಶ್ನೆಯ ಹೊತ್ತಿಗೆ...

"ಏನು ಅಷ್ಟು ಯೋಚನೆ?" ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಏನಿಲ್ಲಪ್ಪ," ಎಂದಳು ಅವಳು, ಅಂಗಿಯನ್ನು ಮಡಿಸಿದ ಬಟ್ಟೆಗಳ ಮೇಲಿಟ್ಟು ಸುಕ್ಕು ಸವರುತ್ತ. "ನಿಮ್ಮ ಕಾಲುಚೀಲದ ಜೋಡಿ ಎಲ್ಲಿ ಹೋಯ್ತು ಅಂತ."