ಒಂದೇ ಪ್ರತಿ

ಶಹಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸವಿತಾಳಿಗೆ ಆ ಮಧ್ಯಾಹ್ನ ಒಂದು ಸೋಜಿಗ ಎದುರಾಯಿತು. ತೊದಲುವ ತಮ್ಮನಿಗಾಗಿ ಮಾತಿನ ಅಭ್ಯಾಸದ ವಿಡಿಯೋ ಹುಡುಕಿ ತಂದು ಕಾಲೇಜಿನ ಸರ್ವರ್‌ಗೆ ಹಾಕಿದ್ದಳು. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯಬೇಕಾದದ್ದು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು.

ಸರ್ವರ್ ಇದ್ದದ್ದು ಯಾದಗಿರಿಯ ಮುಖ್ಯ ಕಾಲೇಜಿನಲ್ಲಿ. ಆ ಒಂದೇ ಯಂತ್ರವನ್ನು ಪಾಲು ಮಾಡಿ ಶಹಾಪುರದ ಸಿಬ್ಬಂದಿಗೆ ತಲಾ ಒಂದು ವರ್ಚುವಲ್ ಮಷಿನ್, ಅಂದರೆ ಬೇರೆಯದೇ ಕಂಪ್ಯೂಟರಿನಂತೆ ಬಳಸುವ ಪಾಲು, ಕೊಟ್ಟಿದ್ದರು. ಒಬ್ಬರದು ಇನ್ನೊಬ್ಬರಿಗೆ ಕಾಣದು. ಜಾಗ ಸಾಲದಾದಾಗ ಸವಿತಾಳೇ ಒಂದು ಉಪಾಯ ಹೂಡಿದ್ದಳು. ಒಂದೇ ಫೈಲು ಎಷ್ಟು ಜನರ ಬಳಿ ಇದ್ದರೂ ಒಳಗೆ ಉಳಿಯುವುದು ಒಂದೇ ಪ್ರತಿ. ಆಗಲೇ ಇದ್ದದ್ದನ್ನು ಮತ್ತೆ ಕಳಿಸುವ ಕೆಲಸವಿಲ್ಲ.

ಅಂದರೆ ಈ ವಿಡಿಯೋವನ್ನು ಬೇರೆ ಯಾರೋ ಆಗಲೇ ಇಟ್ಟುಕೊಂಡಿದ್ದಾರೆ. ಯಾರು?

ಮುಂದಿನ ಪಾಠಗಳನ್ನೂ ಹಾಕಿ ನೋಡಿದಳು. ಕೆಲವು ಕ್ಷಣದಲ್ಲಿ ಹಾರಿಹೋದವು, ಆಮೇಲಿನದು ತೆವಳಿತು; ಅದಿನ್ನೂ ಯಾರ ಬಳಿಯೂ ಇರಲಿಲ್ಲ. ತೆವಳಿದ ಆ ಪಾಠದ ತನ್ನ ಪ್ರತಿ ಅಳಿಸಿ, ವಾರ ಬಿಟ್ಟು ಅದನ್ನೇ ಮತ್ತೆ ಹಾಕಿದಳು. ಈಗ ಅದೂ ಹಾರಿತು. ಯಾರೋ ಪಾಠ ಮುಂದುವರಿಸಿದ್ದಾರೆ!

ಅಂದಿನಿಂದ ಸಿಬ್ಬಂದಿ ಕೋಣೆಯಲ್ಲಿ ಯಾರು ಮಾತಾಡಿದರೂ, ತೊದಲು ಕೇಳೀತೇ ಎಂದು ಅವಳ ಕಿವಿ ನಿಮಿರುತ್ತಿತ್ತು. ಒಂದು ದಿನ ಭೌತಶಾಸ್ತ್ರದ ವಹಾಬ ಕೇಳಿಯೇಬಿಟ್ಟರು.

"ಏನ್ರಿ ಮೇಡಂ, ನನ್ನ ಬಾಯಿನೇ ನೋಡಾಕತ್ತೀರಲ್ಲ, ಮೀಸ್ಯಾಗ ಅನ್ನ ಹತ್ತೇತೇನು?"

ಎಲ್ಲರೂ ನಕ್ಕರು. ಸವಿತಾಳ ಮುಖ ಬಿಸಿಯಾಯಿತು. ಹೀಗೆ ಯಾರಾದರೂ ಬಾಯಿ ನೋಡುತ್ತ ಕೂತಾಗಲೇ ಅವಳ ತಮ್ಮ ಮಾತು ನುಂಗಿಕೊಳ್ಳುತ್ತಿದ್ದ.

ಅವಳು ನೇರ ಪ್ರಾಂಶುಪಾಲ ಬಸವಂತ್ರಾಯರ ಬಳಿ ಹೋದಳು. ಮಿತಭಾಷಿ ಎಂದೇ ಹೆಸರಾದವರು.

"ಎಲ್ಲರಿಗೂ ಬೇಕಾದ ಪ್ರೋಗ್ರಾಂ ಒಂದೇ ಪ್ರತಿ ಇರ್ಲಿ ಸರ. ಅವರವರ ಸ್ವಂತದ್ದು ಮಾತ್ರ ಬ್ಯಾರೆ ಬ್ಯಾರೆ ಇಡೋಣ್ರಿ."

"ಜಾಗ ಎಲ್ಲೈತ್ರಿ?"

"ಕಡಿಮಿ ಬೀಳ್ತದ್ರಿ. ಆದ್ರ ಈಗ ಯಾರಾದ್ರೂ ಒಂದು ಫೈಲ್ ಹಾಕಿ, ಅದು ಇನ್ನೊಬ್ಬರ ಹತ್ರ ಐತೋ ಇಲ್ಲೋ ಅಂತ ತಿಳ್ಕೋಬಹುದು. ತೊದಲು ಬಿಡಿಸೋ ಪಾಠ ಹಾಕಿದೆ, ಅದು ಇನ್ನೊಬ್ಬರ ಹತ್ರನೂ ಐತಂತ ನನಗೇ ತಿಳೀತು."

ಅವರ ಪೆನ್ನು ನಿಂತಿತು. "ಯಾ... ಯಾರದಂತ ಗೊತ್ತಾತೇನು?"

"ಇಲ್ರಿ ಸರ. ತಿಳ್ಕೊಳ್ಳೋದೂ ಬ್ಯಾಡ್ರಿ."

ಬಸವಂತ್ರಾಯರು ನೀರು ಕುಡಿದು, ನಿಧಾನಕ್ಕೆ, ಒಂದೊಂದೇ ಪದ ಇಳಿಸುವಂತೆ ಹೇಳಿದರು: "ಇವತ್ತೇ ಬ್ಯಾರೆ ಮಾಡ್ರಿ. ಜಾಗ ಸಾಲ್ದಿದ್ರ ಹೊಸ ಡಿಸ್ಕ್ ತರಸ್ತೀನಿ."

ಸವಿತಾ ಅವರ ಬಾಯಿಯತ್ತ ನೋಡದೆ, ತಲೆಯೆತ್ತದೆ "ಹೂಂನ್ರಿ" ಎಂದು ಹೊರಬಂದಳು. ಸಂಜೆಯೊಳಗೆ ಕೆಲಸ ಮುಗಿಸಿದಳು. ಕುತೂಹಲವೇನೂ ಸಾಯಲಿಲ್ಲ, ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ಮಾತ್ರ ತಾನೇ ಮುಚ್ಚಿದ್ದಳು.